ಅತ್ತೆಗೊಂದು ಹೊರೆ ಕಡ್ಡಿ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕೆಡುವುದು ಮಳೆ ಬಿದ್ದ ಮೇಲೆ ಮಾತ್ರ! ಉಳಿದ ದಿನಗಳಲ್ಲಿ ಅವರು ವಿರೂಪಾಕ್ಷಿಪುರದ ಕಡೆಯ ಎಲ್ಲ ರೈತರಂತೆ ಮರ್ಯಾದೆಯಾಗಿ ರೇಷ್ಮೆ ಹುಳು ಸಾಕಿಕೊಂಡಿರುತ್ತಾರೆ. ಹೊಳೆಗೆ ನೀರು ಬಂತೋ, ಹುಳುಮನೆಯ ಸೂರಿಗೆ ನೇತು ಹಾಕಿರುವ ನೀಲಿ ರಬ್ಬರ್ ದೋಣಿ ಕೆಳಗಿಳಿಯುತ್ತದೆ.

ಹಿಂದೆ ಯಾವುದೋ ಸಾಹಸ ಶಿಬಿರದವರ ಹತ್ತಿರ ಕೆಲಸಕ್ಕಿದ್ದಾಗ ಈ ವಿದ್ಯೆಯನ್ನೂ ಆ ಹಳೇ ದೋಣಿಯನ್ನೂ ಒಟ್ಟಿಗೇ ತಂದರು. ಶಿಂಷಾ ಹೊಳೆ ಬಂಡೆಗಳ ನಡುವೆ ನೊರೆಯೆಬ್ಬಿಸಿಕೊಂಡು ಧುಮುಕುತ್ತದಲ್ಲ, ಅಲ್ಲೇ ಹುಟ್ಟು ಹಾಕಿಕೊಂಡು ಇಳಿಯಬೇಕು. ದೋಣಿಯಲ್ಲಿ ಇಬ್ಬರಿಗೆ ಜಾಗ. ಮೈಗೆ ಲೈಫ್ ಜಾಕೆಟ್, ತಲೆಗೆ ಬೈಕಿನ ಹೆಲ್ಮೆಟ್.

“ಚನ್ನಪಟ್ಣಕ್ಕೆ ಹೋಗುವಾಗ ಹಾಕ್ಕೊಳ್ಳಿ ಅಂದ್ರೆ ತಲೆ ಬೆವರ್ತದೆ ಅಂತಾರೆ. ಹೊಳೇಲಿ ಬೆವರಕಿಲ್ವಂತೆ” ಎಂದು ಅತ್ತೆ ಗೊಣಗುತ್ತಾರೆ.

ಹಾಗಂತ ಮಾವ ಕಣ್ಣು ಮುಚ್ಚಿಕೊಂಡು ನೀರಿಗಿಳಿಯುವವರಲ್ಲ. ಹೊಳೆಯ ನಡುವೆ ಕೂತ ಮುದುಕಿಯಂಥ ಬಂಡೆಯೊಂದಿದೆ, ಅಜ್ಜಿಕಲ್ಲು. ಅಜ್ಜಿಯ ಮಂಡಿ ಕಂಡರೆ ನೀರು ಸಾಲದು, ದೋಣಿಯ ತಳ ತರಚುತ್ತದೆ. ಸೊಂಟ ಮುಳುಗಿದರೆ ಹದ. ಕತ್ತಿಗೆ ಬಂದರೆ, ಇಲ್ಲವೇ ಕೆಂಪು ಹೊಸನೀರಿನಲ್ಲಿ ಕಸ ತೇಲಿ ಬಂದರೆ, ಸೀದಾ ಮನೆಗೆ. ಒಮ್ಮೆ ತುಂಬಿದ ಬಸ್ಸಿನಲ್ಲಿ ನಿಂತು ಫೋನಿನಲ್ಲಿ ನನಗೆ, “ಅಜ್ಜಿ ಕತ್ತಿನ್ಗಂಟ ಮುಳುಗವ್ಳೆ, ನಾಳೀಕೆ ನೋಡಾನ ಬುಡು” ಅಂದರು. ಪಕ್ಕದ ಸೀಟಿನ ಹೆಂಗಸು ಗಾಬರಿಯಾಗಿ ಕಂಡಕ್ಟರನ್ನು ಕೂಗಿದರಂತೆ!

ಇದಾದ ಮೇಲೆ ಕಡ್ಡಿ ಪರೀಕ್ಷೆ. ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯೊಂದನ್ನು ನೀರಿಗೆ ಎಸೆಯುತ್ತಾರೆ. ಅದು ಸುಳಿಗೆ ಸಿಕ್ಕದೆ ಅಜ್ಜಿಕಲ್ಲು ದಾಟಿದರೆ, “ದೋಣಿ ಹತ್ತು” ಎನ್ನುತ್ತಾರೆ. ನನಗೆ ಎಸೆದದ್ದು ಒಂದೇ ಕಡ್ಡಿ. ನಮ್ಮ ಹಾಲಿನ ಡೇರಿಯ ಸೆಕ್ರೆಟರಿಗೂ ಒಂದೇ ಕಡ್ಡಿ. ಅವರ ಗಾತ್ರಕ್ಕೆ ಒಂದು ದಿಮ್ಮಿಯನ್ನಾದರೂ ಎಸೆದು ನೋಡಬಾರದಿತ್ತೇ?

ಹೀಗೆ ಊರವರೆಲ್ಲ ದೋಣಿ ಹತ್ತಿ ಇಳಿದರು, ಅತ್ತೆಯೊಬ್ಬರನ್ನು ಬಿಟ್ಟು. “ನನ್ನೂ ಒಂದ್ಸಲ ಕರ್ಕೊಂಡೋಗಿ” ಎಂದು ಅವರು ಪ್ರತಿ ವರ್ಷ ಕೇಳುತ್ತಿದ್ದರು. ಪ್ರತಿ ವರ್ಷವೂ ನೀರು ಸರಿಯಿರುತ್ತಿರಲಿಲ್ಲ. ಈ ಸಲ ಡಾಕ್ಟರು ಅತ್ತೆಯ ಮಂಡಿ ಆಪರೇಷನ್ ಆಗಲೇಬೇಕು ಎಂದರು. ಆಮೇಲೆ ದೋಣಿಯಲ್ಲಿ ಕಾಲು ಮಡಚಿ ಕೂರುವ ಆಸೆ ಬಿಟ್ಟುಬಿಡಿ ಎಂದೂ ಹೇಳಿದರು.

ದೀಪಾವಳಿಗೆ ಮುಂಚಿನ ಒಂದು ಬೆಳಿಗ್ಗೆ ನಾವು ಮೂವರೂ ಹೊಳೆಗೆ ಹೋದೆವು. ನೀರು ತಿಳಿಯಾಗಿತ್ತು. ಅಜ್ಜಿ ಸೊಂಟದ ಮಟ್ಟಕ್ಕೆ ಕೂತಿದ್ದಳು. ಅತ್ತೆ ಸೀರೆ ಎತ್ತಿ ಕಟ್ಟಿ, ಜಾಕೆಟ್ ತೊಟ್ಟು, ಹೆಲ್ಮೆಟ್ ಹಾಕಿ ರೆಡಿಯಾದರು. ಮಾವ ಕಡ್ಡಿ ಎಸೆದರು. ಅದು ಸಲೀಸಾಗಿ ದಾಟಿತು.

“ಗಾಳಿ ಐತೆ, ಇನ್ನೊಂದು ನೋಡಾನ.”

ಅದೂ ದಾಟಿತು. ಮನೆಯಿಂದ ಹೊತ್ತು ತಂದಿದ್ದ ಹೊರೆಯಿಂದ ಕಡ್ಡಿ ತೆಗೆದು ಎಸೆದರು, ಎಸೆದರು, ಎಸೆಯುತ್ತಲೇ ಇದ್ದರು. ಕೊನೆಗೊಂದು ಬಡಪಾಯಿ ಕಡ್ಡಿ ಕಲ್ಲಿನ ಮರೆಯಲ್ಲಿ ಗಿರಗಿರ ತಿರುಗಿತು. ಮಾವನ ಮುಖ ಅರಳಿತು.

“ನೋಡ್ದಾ? ಸುಳಿ ಐತೆ. ಇವತ್ತು ಬ್ಯಾಡ.”

ಅತ್ತೆ ಹೆಲ್ಮೆಟ್ ತೆಗೆದು ಮಡಿಲಲ್ಲಿ ಇಟ್ಟುಕೊಂಡು ದಡದಲ್ಲಿ ಕೂತರು. ನನಗೆ ರೇಗಿಹೋಯಿತು.

“ನಮಗೆಲ್ಲ ಒಂದು ಕಡ್ಡಿ, ಅತ್ತೆಗೆ ಒಂದು ಹೊರೆ. ಇದ್ಯಾವ ನ್ಯಾಯ ಮಾವ?”

ಮಾವ ತಲೆ ತಗ್ಗಿಸಿದರು. “ನಿಮ್ಮನ್ನೆಲ್ಲ ಕೂರಿಸ್ಕೊಂಡ್ರೆ ನಾನು ನೀರು ನೋಡ್ತೀನಿ ಕಣಮ್ಮಿ. ಇವ್ಳು ಮುಂದ್ಗಡೆ ಕೂತ್ರೆ ಇವ್ಳಿಗೇನಾದಾತು ಅಂತ ಇವ್ಳನ್ನೇ ನೋಡ್ತೀನಿ. ಆಗ ನೀರು ನೋಡೋರ್ಯಾರು?”

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಅತ್ತೆ ನನ್ನ ಭುಜ ಹಿಡಿದು ಮೇಲೆದ್ದರು.

“ನೀರು ನಾನ್ ನೋಡ್ತೀನಿ. ಇಷ್ಟು ವರ್ಸ ಉಣ್ಣಕ್ಕೆ ಕೂತ್ರೂ ಅಜ್ಜಿಕಲ್ಲಿನ ಮಾತೇ ಆಡಿದ್ದೀರಿ, ನಂಗೂ ಒಸಿ ಗೊತ್ತಾಗೈತೆ. ನಡೀರಿ.” ಮಾವನ ಕೈಯಲ್ಲಿದ್ದ ಕಡ್ಡಿಗಳನ್ನು ಕಿತ್ತು ನನಗೆ ಕೊಟ್ಟರು. “ತಕ್ಕೊ, ಒಲೆಗಾಯ್ತದೆ.”

ದೋಣಿ ಹೊರಟಿತು. “ಎಡಕ್ಕೆ... ಎಡಕ್ಕೆ ಅಂದ್ನಲ್ಲ” ಎಂದು ಅತ್ತೆ ಗದರುವುದು ನೀರಿನ ಸದ್ದಿನ ನಡುವೆಯೂ ಕೇಳುತ್ತಿತ್ತು. ಅಜ್ಜಿಕಲ್ಲಿನ ಪಕ್ಕದಲ್ಲಿ ಇಬ್ಬರೂ ನೊರೆಯಲ್ಲಿ ಮರೆಯಾದರು. ಕಡ್ಡಿಗಳನ್ನು ಅವಚಿಕೊಂಡೇ ನಾನು ದಡದುದ್ದಕ್ಕೂ ಓಡಿದೆ. ಕೆಳಗಿನ ಮಡುವಿನಲ್ಲಿ ದೋಣಿ ಸುಮ್ಮನೆ ನಿಂತಿತ್ತು. ತೊಯ್ದು ತೊಪ್ಪೆಯಾಗಿದ್ದ ಅತ್ತೆ ಮಂಡಿ ನೋವು ಮರೆತು ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದರು.

“ನೀರು ಹೆಂಗಿತ್ತು ಮಾವ?” ಎಂದು ಕೇಳಿದೆ.

ಮಾವ ಹೆಲ್ಮೆಟ್ ತೆಗೆದು ಮುಖ ಒರೆಸಿಕೊಂಡರು.

“ನಂಗೇನ್ ಗೊತ್ತಮ್ಮಿ, ನಾನು ನೀರು ನೋಡ್ಲೇ ಇಲ್ಲ.”