ಹನ್ನೆರಡನೇ ತಲೆ

ನಮ್ಮ ಲಾರಿಯೊಳಗೆ ನುಗ್ಗುತ್ತಿರುವ ಹೊಗೆಯನ್ನು ಓಡಿಸುವವರೆಗೂ ನಾನು ತಲೆ ಬಾಚುವುದಿಲ್ಲ ಎಂದು ಶನಿವಾರ ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಶಪಥ ಮಾಡಿದೆ.

"ಮಗು ಹುಟ್ಟಿದ ಮೇಲೆ ನೀನು ತಲೆ ಬಾಚಿದ್ದನ್ನ ನಾನು ನೋಡೇ ಇಲ್ವಲ್ಲೇ" ಎಂದರು ಅತ್ತೆ.

ಶಪಥ ಮಾಡುವವರು ಇಂಥ ಸಣ್ಣಪುಟ್ಟ ಟೀಕೆಗಳಿಗೆ ಉತ್ತರ ಕೊಡುತ್ತ ಕೂರುವುದಿಲ್ಲ. ನಾನೂ ಕೂರಲಿಲ್ಲ.

ವಿಷಯ ಮಾತ್ರ ನಗುವಂಥದ್ದಾಗಿರಲಿಲ್ಲ. ನಮ್ಮವರು ಓಡಿಸುವುದು ಉದ್ದ ಮೂತಿಯ ಒಂದು ಹಳೇ ಲಾರಿ. ಮೂರು ವಾರದಿಂದ ಅವರು ಮನೆಗೆ ಬಂದವರೇ ತಲೆ ಹಿಡಿದುಕೊಂಡು ಕೂರುತ್ತಿದ್ದರು. ಅಂಗಿ ಮೂಸಿದೆ. ಲೋಕದ ಹೆಂಡತಿಯರು ಗಂಡನ ಅಂಗಿ ಮೂಸುವುದು ಪರಿಮಳ ಹುಡುಕಲು. ನನಗೆ ಸಿಕ್ಕಿದ್ದು ಡೀಸೆಲ್ ಹೊಗೆ. ನಾನು ಮೊದಲೇ ಮಗಳು ಒಂದು ಸಲ ಸೀನಿದರೆ ಜ್ವರದ ಕಡ್ಡಿ ಹುಡುಕುವವಳು. ಅಂಥವಳ ಕೈಯಲ್ಲಿ ಫೋನು ಬೇರೆ ಇದೆ! ಹುಡುಕಿ ಓದಿದೆ. ಲಾರಿಯ ಹೊಗೆಯಲ್ಲಿ ಕಣ್ಣಿಗೆ ಕಾಣದ, ಮೂಗಿಗೆ ಸಿಗದ ಒಂದು ವಿಷವಿದೆಯಂತೆ. ಮೊದಲು ತಲೆನೋವು, ಆಮೇಲೆ ನಿದ್ದೆ, ಆಮೇಲೆ ಏಳುವುದೇ ಇಲ್ಲವಂತೆ. ಆ ರಾತ್ರಿಯಿಂದ ಇವರು ಮಲಗಿದ ಮೇಲೆ ಮೂಗಿನ ಹತ್ತಿರ ಬೆರಳಿಟ್ಟು ನೋಡುವುದು ನನ್ನ ದಿನಚರಿಯಾಯಿತು. ಒಮ್ಮೆ ಅವರು ಸೀನಿದರು. ನಾನು ಕಿರುಚಿದೆ. ಮನೆಯವರೆಲ್ಲ ಎದ್ದರು.

ಇನ್ನೊಂದು ಕಡೆ, ಸೋಮವಾರ ಬೆಳಗ್ಗೆ ಆರಕ್ಕೆ ಈ ಲಾರಿ ಹಾಸಿಗೆ ಕಾರ್ಖಾನೆಯ ಗೇಟಿನಲ್ಲಿ ನಿಲ್ಲಬೇಕಿತ್ತು. ಎರಡು ವರ್ಷ ಎಡತಾಕಿದ ಮೇಲೆ ಸಿಕ್ಕ ಕಾಯಂ ಕೆಲಸ. ಮೊದಲ ದಿನವೇ ತಪ್ಪಿದರೆ ಆ ಕೆಲಸ ಹಿಡಿಯಲು ಅದೇ ಗೇಟಿನಲ್ಲಿ ಇನ್ನೊಬ್ಬ ಲಾರಿಯವನು ಕಾದು ನಿಂತಿದ್ದ. ಹೊಗೆ ಬರುವ ಲಾರಿ ಹತ್ತಲು ಬಿಡುವುದಿಲ್ಲ ಎಂದು ನಾನು, ಹತ್ತದಿದ್ದರೆ ನಮ್ಮ ಒಲೆಯಲ್ಲೂ ಹೊಗೆ ಏಳುವುದಿಲ್ಲ ಎಂದು ಅವರು. ನಡುವೆ ಉಳಿದದ್ದು ಒಂದೇ ಒಂದು ಭಾನುವಾರ.

ಲಾರಿ ರಿಪೇರಿಯ ಮೇಸ್ತ್ರಿ ಬಂದು ನೋಡಿದರು. ಇಂಜಿನ್ನಿನ ಹೊಗೆಯನ್ನೆಲ್ಲ ಒಟ್ಟು ಮಾಡಿ ಕೊಳವೆಗೆ ತಳ್ಳುವ ಎರಕದ ತುಂಡೊಂದಿದೆ, ಅದರ ಹೆಸರು ಮ್ಯಾನಿಫೋಲ್ಡ್, ಅದು ಹಿಂಬದಿಯಲ್ಲಿ ಬಿರುಕು ಬಿಟ್ಟಿದೆ, ಹಾಗಾಗಿ ಹೊಗೆ ಸೀದಾ ಡ್ರೈವರ್ ಸೀಟಿಗೇ ಬರುತ್ತಿದೆ, ಬದಲಾಯಿಸಲೇಬೇಕು ಎಂದರು. ಫೋಲ್ಡಿಂಗ್ ಮಂಚದ ಮೇಲೆ ಮಲಗುವ ನಮ್ಮ ಅತ್ತೆಗೆ ಅದು ಬೇರೆಯೇ ಆಗಿ ಕೇಳಿಸಿತು.

"ಮನೆ ಯಾಕಪ್ಪ ಫೋಲ್ಡ್ ಮಾಡ್ತೀರಿ? ಇರೋದೇ ಎರಡು ಕೋಣೆ."

ಮೇಸ್ತ್ರಿಯ ಬಲಗೈ ಪ್ಲಾಸ್ಟರಿನಲ್ಲಿತ್ತು. ಹಿಂದಿನ ವಾರ ತಮ್ಮದೇ ಅಂಗಳದಲ್ಲಿ ಜಾರಿ ಬಿದ್ದಿದ್ದರು. ಆದ್ದರಿಂದ ಅವರದು ಬಾಯಿ, ಇವರದು ಕೈ ಎಂದು ತೀರ್ಮಾನವಾಯಿತು. ಬೇರೆ ಲಾರಿಯಿಂದ ಬಿಚ್ಚಿದ ಒಳ್ಳೆಯ ಮ್ಯಾನಿಫೋಲ್ಡ್ ಒಂದನ್ನು ಅವರೇ ಹುಡುಕಿ ತಂದಿದ್ದರು. ಅದನ್ನು ಕೂರಿಸುವುದು ಗಂಟೆಯ ಕೆಲಸ. ಹಳೆಯದರ ಬೋಲ್ಟು ಮುರಿಯದಂತೆ ಬಿಚ್ಚುವುದೇ ನಿಜವಾದ ಕೆಲಸವಂತೆ. ಶನಿವಾರವೇ ಬೋಲ್ಟುಗಳಿಗೆಲ್ಲ ಎಣ್ಣೆ ಬಿಡಿಸಿ ಉಪದೇಶ ಮಾಡಿದರು.

"ವರ್ಷಗಟ್ಟಲೆ ಬೆಂಕೀಲಿ ಬೆಂದಿರೋ ಬೋಲ್ಟು ಇವು. ಮುನಿಸ್ಕೊಂಡ ಮುದುಕರ ಥರ. ಮೆಲ್ಲಗೆ ಮಾತಾಡಿಸ್ಬೇಕು. ಎಡಕ್ಕೆ ಚೂರು, ನಿಲ್ಸು, ಎಣ್ಣೆ ಬಿಡು, ಮತ್ತೆ ಎಡಕ್ಕೆ ಚೂರು. ಜೋರು ಮಾಡಿದ್ರೋ, ತಲೆ ಹೋಗುತ್ತೆ."

ಭಾನುವಾರ ಬೆಳಗ್ಗೆ ಎಂಟಕ್ಕೆ ಶುರುವಾಯಿತು. ಒಟ್ಟು ಹನ್ನೆರಡು ಬೋಲ್ಟು. ಹನ್ನೊಂದು ಮುದುಕರು ಹನ್ನೊಂದು ಗಂಟೆಯ ಹೊತ್ತಿಗೆ ಗೊಣಗುತ್ತ ಹೊರಬಂದರು. ಹನ್ನೆರಡನೆಯವನು ಇಂಜಿನ್ನಿನ ತೀರ ಹಿಂದೆ, ಕ್ಯಾಬಿನ್ನಿನ ಗೋಡೆಗೆ ಮುಖ ಮಾಡಿ ಕೂತಿದ್ದ. ಕಣ್ಣಿಗೆ ಕಾಣುವುದಿಲ್ಲ. ಕೈ ಹಾಕಿದರೆ ನಮ್ಮವರ ಅಂಗೈ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಮೂರು ಸಲ ಹಾಕಿದರು, ಮೂರು ಸಲವೂ ಚರ್ಮ ಅಲ್ಲಿ ಬಿಟ್ಟು ಬಂದರು.

ನಾನು ಟೀ ಕೊಡಲು ಹೋದವಳು ನನ್ನ ಕೈ ನೋಡಿಕೊಂಡೆ. ಸಣ್ಣ ಕೈ. ಉಪ್ಪಿನಕಾಯಿ ಜಾಡಿಯ ತಳದವರೆಗೆ ಸಲೀಸಾಗಿ ಹೋಗುವ ಕೈ.

"ನಾನು ಬಿಚ್ತೀನಿ" ಎಂದೆ.

ನಮ್ಮವರು ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಲಾರಿಯ ಮುಖ ನೋಡಿದರು. ಬೇರೆ ದಾರಿ ಇರಲಿಲ್ಲ. ಬೋಲ್ಟಿನ ತಲೆಯನ್ನು ಟೋಪಿಯಂತೆ ಮುಚ್ಚಿ ಹಿಡಿಯುವ ಗಿಡ್ಡ ಬಾಕ್ಸ್ ಸ್ಪ್ಯಾನರೊಂದು ನನ್ನ ಕೈಗೆ ಬಂತು. ನಮ್ಮವರು ಗಾಯಕ್ಕೆ ನೀರು ಹಾಕಲು ನಲ್ಲಿಯ ಹತ್ತಿರ ಹೋದರು, ಮೇಸ್ತ್ರಿ ಟೀಗೆ ಬಾಯಿ ಹಚ್ಚಿದರು. ನಾನು ಸ್ಟೂಲು ಹತ್ತಿದೆ.

ಕುರುಡಾಗಿ ತಡಕಾಡಲು ನಾನೇನು ಓದದವಳೇ? ಪೌಡರ್ ಡಬ್ಬಿಯ ಪುಟ್ಟ ಕನ್ನಡಿ ಸೊಂಟದಲ್ಲಿ ಸಿಕ್ಕಿಸಿಕೊಂಡೇ ಬಂದಿದ್ದೆ. ಎಡಗೈಯಲ್ಲಿ ಅದನ್ನು ಬೋಲ್ಟಿನ ಹಿಂದೆ ಹಿಡಿದೆ. ಆಹಾ! ಇಬ್ಬರು ಗಂಡಸರಿಗೆ ದರ್ಶನ ಕೊಡದ ಬೋಲ್ಟು ನನ್ನ ಅಂಗೈಯಷ್ಟು ಕನ್ನಡಿಯಲ್ಲಿ ಪ್ರತ್ಯಕ್ಷವಾಯಿತು. ಸ್ಪ್ಯಾನರು ತೊಡಿಸಿದೆ. ಕನ್ನಡಿಯಲ್ಲಿ ನೋಡುತ್ತ, ಮೇಸ್ತ್ರಿ ಹೇಳಿದಂತೆಯೇ, ಎಡಕ್ಕೆ ಚೂರು. ನಿಲ್ಲಿಸಿದೆ. ಎಣ್ಣೆ. ಮತ್ತೆ ಎಡಕ್ಕೆ. ಕದಲಲಿಲ್ಲ. ಗಂಡನ ತಲೆನೋವನ್ನು ನೆನೆದೆ. ಕಾರ್ಖಾನೆಯ ಗೇಟು ನೆನೆದೆ. ಇನ್ನೊಬ್ಬ ಲಾರಿಯವನನ್ನು ನೆನೆದೆ. ಹೆರಿಗೆಯ ದಿನದಿಂದ ಬಳಸದೆ ಉಳಿಸಿಕೊಂಡಿದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಎಡಕ್ಕೆ ಎಳೆದೆ.

'ಟಕ್' ಎಂದಿತು. ಬೋಲ್ಟು ಸಡಿಲವಾಯಿತು! ಗೆದ್ದೆ ಎಂದುಕೊಂಡು ಸ್ಪ್ಯಾನರು ತೆಗೆದು ಕನ್ನಡಿಯಲ್ಲಿ ನೋಡಿದರೆ, ತಲೆ ಇದ್ದ ಜಾಗದಲ್ಲಿ ತಲೆ ಇರಲಿಲ್ಲ.

ಆ ಕ್ಷಣದಲ್ಲಿ ಒಬ್ಬ ಪ್ರಾಮಾಣಿಕ ಹೆಣ್ಣುಮಗಳು ಏನು ಮಾಡಬೇಕೋ ಅದನ್ನು ನಾನು ಮಾಡಲಿಲ್ಲ. ಮೆಲ್ಲಗೆ ಸ್ಟೂಲಿನಿಂದ ಇಳಿದೆ. "ಮಗು ಅತ್ತ ಹಾಗಾಯ್ತು" ಎಂದು ಮೇಸ್ತ್ರಿಗೆ ಹೇಳಿದೆ. ಮಗು ಅತ್ತಿರಲಿಲ್ಲ. ಬೋಲ್ಟಿನ ತಲೆ ಹೋದ ಮೇಲೆ ನಾನೂ ತಲೆ ತಪ್ಪಿಸಿಕೊಂಡೆ.

ಆದರೆ ಹೋದ ತಲೆ ಹೋಗಿದ್ದಾದರೂ ಎಲ್ಲಿಗೆ? ಲಾರಿಯ ಕೆಳಗೆ ಬಗ್ಗಿ ನೋಡಿದೆ. ಇಲ್ಲ. ಚಕ್ರದ ಸುತ್ತ ನೋಡಿದೆ. ಇಲ್ಲ. ಚಕ್ರದ ಪಕ್ಕದಲ್ಲಿ ಒಂದೂವರೆ ವರ್ಷದ ನನ್ನ ಪುಟ್ಟಿ ಕೂತಿದ್ದಳು. ಅತ್ತೆಯ ಕಣ್ಣು ತಪ್ಪಿಸಿ ಪುಟ್ಟಪುಟ್ಟ ಹೆಜ್ಜೆಯಿಟ್ಟು ಬಂದಿದ್ದಳು. ಅವಳ ಬಾಯಿ ಮುಚ್ಚಿತ್ತು. ಮಕ್ಕಳಿರುವವರಿಗೆ ಗೊತ್ತು, ಆ ವಯಸ್ಸಿನ ಮಗು ಬಾಯಿ ಮುಚ್ಚಿದೆ ಎಂದರೆ ಒಳಗೆ ಏನೋ ಇದೆ ಎಂದರ್ಥ. ಬೆರಳು ಹಾಕಿ ತೆರೆದೆ. ಏನೂ ಇರಲಿಲ್ಲ. ತುಟಿಯ ಮೇಲೆ ಮಾತ್ರ ಕಪ್ಪು ಎಣ್ಣೆ.

ಪುಟ್ಟಿಯನ್ನು ಎತ್ತಿಕೊಂಡು ನಲ್ಲಿಯ ಕಡೆ ಓಡಿದೆ.

"ರೀ, ಪುಟ್ಟಿ ತಲೆ ನುಂಗಿದಾಳೆ."

"ಯಾರ ತಲೆ?"

"ಬೋಲ್ಟಿನ ತಲೆ."

"ಬೋಲ್ಟಿನ ತಲೆ ಬೋಲ್ಟಿನ ಮೇಲಿರುತ್ತಲ್ಲೇ?"

"ಇತ್ತು" ಎಂದೆ.

ಅಷ್ಟರಲ್ಲೇ ಅವರಿಗೆ ಎಲ್ಲವೂ ಅರ್ಥವಾಯಿತು. ಬೈಯಲಿಲ್ಲ. ಒದ್ದೆ ಕೈಯಲ್ಲೇ ಮಗಳನ್ನು ಇಸಿದುಕೊಂಡು ನಡೆದೇಬಿಟ್ಟರು. ಆಸ್ಪತ್ರೆ ಎರಡು ಬೀದಿ ಆಚೆ. ಹಿಂದಿನಿಂದ ನಾನು. ನನ್ನ ಹಿಂದೆ "ಮನೆ ಮಡಚ್ಬೇಡಿ ಅಂದೆ, ಕೇಳಿದ್ರಾ" ಎನ್ನುತ್ತ ಅತ್ತೆ. ಅಂಗಳದಲ್ಲಿ ಒಂದು ಕೈಯ ಮೇಸ್ತ್ರಿ, ಮುಕ್ಕಾಲು ಬಿಚ್ಚಿದ ಲಾರಿ.

ಭಾನುವಾರವಾದ್ದರಿಂದ ಇದ್ದದ್ದು ಒಬ್ಬರೇ ಡಾಕ್ಟರು, ಮುಂದೆ ಹತ್ತೊಂಬತ್ತು ಜನ. ಸರದಿ ಬರುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಮಗಳಿಗೆ ಎರಡು ಆಪರೇಷನ್ ಮಾಡಿಸಿ ಮುಗಿಸಿದ್ದೆ. ನಮ್ಮವರು ಗೋಡೆಯ ಗಡಿಯಾರ ನೋಡುತ್ತಿದ್ದರು. ನಾನು ಅವರನ್ನು ನೋಡಿದಾಗ ನೋಡುವುದನ್ನು ನಿಲ್ಲಿಸುತ್ತಿದ್ದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಒಳಗೆ ಹೋದಾಗ ನನ್ನ ನಾಲಿಗೆ ನನ್ನ ಸ್ವಾಧೀನದಲ್ಲಿರಲಿಲ್ಲ.

"ಡಾಕ್ಟ್ರೇ, ಮಗಳು ತಲೆ ತಿಂದಿದಾಳೆ."

"ಎಲ್ಲಾ ಮಕ್ಕಳೂ ತಿಂತವೆ ಅಮ್ಮ" ಎಂದರು ಅವರು, ಚೀಟಿಯಿಂದ ತಲೆ ಎತ್ತದೆ. "ತೊಂದ್ರೆ ಏನು ಹೇಳಿ."

ಬಿಡಿಸಿ ಹೇಳಿದ ಮೇಲೆ ಎಕ್ಸ್‌ರೇಗೆ ಬರೆದುಕೊಟ್ಟರು. ಅಲ್ಲಿ ಇನ್ನೊಂದು ಕಾಯುವಿಕೆ. ಕೊನೆಗೆ ಎಕ್ಸ್‌ರೇ ತೆಗೆಯುವ ಹೆಂಗಸು ಬಾಗಿಲು ತೆರೆದು, ಮಗುವನ್ನಲ್ಲ, ನನ್ನನ್ನು ದಿಟ್ಟಿಸಿ ನೋಡಿದಳು.

"ಅದೇನು ಕೈಯಲ್ಲಿ ಕಬ್ಬಿಣ? ಹೊರಗಿಟ್ಟು ಬನ್ನಿ."

ನೋಡಿಕೊಂಡೆ. ಬಾಕ್ಸ್ ಸ್ಪ್ಯಾನರು! ಮನೆಯಿಂದ ಆಸ್ಪತ್ರೆಯವರೆಗೆ, ಹತ್ತೊಂಬತ್ತು ಜನರ ಸರದಿಯುದ್ದಕ್ಕೂ, ನಾನು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದೆ. ಮುಂದಿನವರು ಯಾಕೆ ಅಷ್ಟು ಸೌಜನ್ಯದಿಂದ ಜಾಗ ಬಿಟ್ಟುಕೊಡುತ್ತಿದ್ದರು ಎಂದು ಆಗ ತಿಳಿಯಿತು. ನಾಚಿಕೆಯಿಂದ ಅದನ್ನು ಬೆಂಚಿನ ಮೇಲೆ ಕುಕ್ಕಿದೆ. 'ಟಣ್' ಎಂದು ಅದರ ಬಾಯಿಂದ ಏನೋ ಬಿದ್ದು, ಉರುಳಿ, ಅತ್ತೆಯ ಚಪ್ಪಲಿಗೆ ತಾಗಿ ನಿಂತಿತು.

ಬೋಲ್ಟಿನ ತಲೆ. ಮುರಿದ ಗಳಿಗೆಯಿಂದಲೂ ಅದು ಸ್ಪ್ಯಾನರಿನ ಟೋಪಿಯೊಳಗೇ ಬೆಚ್ಚಗೆ ಕೂತಿತ್ತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದವರ ಕತೆ ಕೇಳಿದ್ದೆ. ಅಂಗೈಯಲ್ಲಿ ತಲೆ ಇಟ್ಟುಕೊಂಡು ಎಕ್ಸ್‌ರೇಗೆ ಬಂದವಳು ನಾನೊಬ್ಬಳೇ. ಪುಟ್ಟಿಯ ತುಟಿಯ ಎಣ್ಣೆ, ಚಕ್ರ ಮುಟ್ಟಿದ ತನ್ನದೇ ಬೆರಳು ಚೀಪಿದ್ದರಿಂದ ಹತ್ತಿದ್ದು. ನಾನು ಅಳತೊಡಗಿದೆ. ಪುಟ್ಟಿ ಚಪ್ಪಾಳೆ ತಟ್ಟಿದಳು.

ಮನೆ ಮುಟ್ಟಿದಾಗ ಮೂರು ಗಂಟೆ. ಅರ್ಧ ದಿನ ನನ್ನ ಕೈಯಿಂದ ಹೋಗಿತ್ತು, ಅಕ್ಷರಶಃ. ಇವರು, ನಾಳೆ ಬರಲಾಗುವುದಿಲ್ಲ ಎಂದು ಕಾರ್ಖಾನೆಯವರಿಗೆ ಫೋನ್ ಮಾಡಿ ಹೇಳಿಬಿಡುತ್ತೇನೆ ಎಂದರು. ಎಷ್ಟು ಶಾಂತವಾಗಿ ಹೇಳಿದರೆಂದರೆ ನನಗೆ ನಿಲ್ಲಲಾಗಲಿಲ್ಲ. ಮೇಸ್ತ್ರಿಯ ಮುಂದೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಹೇಗೆ ಮುರಿಯಿತು ತೋರಿಸಿ ಎಂದರು. ಸ್ಟೂಲು ಹತ್ತಿ, ಕನ್ನಡಿ ಹಿಡಿದು, ಎಡಕ್ಕೆ ತಿರುಗಿಸಿದ ಪರಿಯನ್ನು ಅಭಿನಯಿಸಿದೆ. ಅವರು ನನ್ನ ಕೈ ನೋಡಿದರು, ಕನ್ನಡಿ ನೋಡಿದರು, ಮತ್ತೆ ಕೈ ನೋಡಿದರು.

"ಕನ್ನಡೀಲಿ ಎಡ ಬಲ ಆಗುತ್ತಲ್ಲಮ್ಮ" ಎಂದರು ಮೆಲ್ಲಗೆ. "ನೀವು ಬಿಚ್ಚಿಲ್ಲ. ಬಿಗಿ ಮಾಡಿದೀರಿ. ಮುರಿಯೋವರೆಗೂ ಬಿಗಿ ಮಾಡಿದೀರಿ."

ಶಾಲೆಯಲ್ಲಿ ಬೆಳಕಿನ ಪಾಠಕ್ಕೆ ನನಗೆ ಪೂರ್ತಿ ಅಂಕ ಬಂದಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಆದರೆ ಮೇಸ್ತ್ರಿ ಸೋಲುವವರಲ್ಲ. ತಲೆ ಹೋದ ಬೋಲ್ಟು ಹಳೇ ಮ್ಯಾನಿಫೋಲ್ಡನ್ನು ಹಿಡಿದಿಡಲಾರದು. ಎಳೆದರೆ ಕಳಚಿ ಬಂತು, ದೊಡ್ಡ ಕೈಗೂ ಜಾಗವಾಯಿತು. ಉಳಿದದ್ದು ಇಂಜಿನ್ನಿಗೆ ಕಚ್ಚಿಕೊಂಡ ಬೆರಳಗಲದ ಮುಂಡ. ಬೀದಿ ಮೂಲೆಯಲ್ಲಿ ಗೇಟು ಮಾಡುವ ವೆಲ್ಡರ್ ಇದ್ದಾನೆ, ಅವನನ್ನು ಕರೆಸಿದರು. ಆ ಮುಂಡದ ತುದಿಗೆ ಒಂದು ನಟ್ಟು ತೊಡಿಸಿ, ನಟ್ಟಿನ ತೂತಿನೊಳಗೆ ವೆಲ್ಡಿಂಗ್ ತುಂಬಿಸಿದರು. ಮುಂಡಕ್ಕೆ ಹೊಸ ತಲೆ ಬಂತು! ಬೆಂಕಿಯ ಕಾವಿಗೆ ಒಳಗಿನ ತುಕ್ಕೂ ಬಿಡುತ್ತದಂತೆ. ಕೆಂಪು ಆರುವವರೆಗೆ ಕಾದೆವು. ನಮ್ಮವರು ಸ್ಪ್ಯಾನರು ಹಾಕಿದರು. ಅತ್ತೆ ಪುಟ್ಟಿಯನ್ನು ಅವಚಿಕೊಂಡರು. ಎಡಕ್ಕೆ ಚೂರು. ನಿಲ್ಲಿಸಿದರು. ಎಣ್ಣೆ. ಎಡಕ್ಕೆ ಚೂರು. 'ಕೀಂಯ್' ಎಂದು ನಿಟ್ಟುಸಿರು ಬಿಟ್ಟು ಆ ಮುದುಕ ಹೊರಗೆ ಬಂದ.

ಹೊಸ ಮ್ಯಾನಿಫೋಲ್ಡ್ ಕೂತಿತು, ಹನ್ನೊಂದು ಬೋಲ್ಟೂ ಕೂತವು. ಹನ್ನೆರಡನೆಯ ಹೊಸ ಬೋಲ್ಟಿಗೆ ಎಲ್ಲರೂ ನನ್ನ ಕಡೆ ತಿರುಗಿದರು.

"ನಾನು ಮುಟ್ಟಲ್ಲ" ಎಂದೆ.

"ಬೇರೆ ಕೈ ಇಲ್ಲ ಕಣೇ" ಎಂದರು ನಮ್ಮವರು. "ನಿನ್ನ ಕೈ ಮೇಲೆ ನಂಗೆ ನಂಬಿಕೆ ಇದೆ. ಆ ಕನ್ನಡಿ ಡಬ್ಬಿ ಮಾತ್ರ ಅಮ್ಮನ ಹತ್ರ ಕೊಟ್ಟು ಬಾ."

ಕಣ್ಣು ಮುಚ್ಚಿಕೊಂಡು ಬೆರಳ ತುದಿಯಲ್ಲೇ ಬೋಲ್ಟನ್ನು ಕೂರಿಸಿ ಬಲಕ್ಕೆ ತಿರುಗಿಸಿದೆ. ಹತ್ತು ಸಲ "ಇದು ಬಲ ತಾನೇ?" ಎಂದು ಕೇಳಿದೆ. ಹತ್ತು ಸಲವೂ ಮೇಸ್ತ್ರಿ ತಾಳ್ಮೆಯಿಂದ ಹೂಂ ಎಂದರು. ಹನ್ನೊಂದನೇ ಸಲ ಅತ್ತೆ ಹೂಂ ಎಂದರು. ಸಂಜೆ ಆರಕ್ಕೆ ಇಂಜಿನ್ ಶುರುವಾಯಿತು. ಕ್ಯಾಬಿನ್ನಿನ ಕಿಟಕಿ ಮುಚ್ಚಿ ನಾನೇ ಒಳಗೆ ಕೂತು ಮೂಲೆಮೂಲೆ ಮೂಸಿದೆ. ಹಳೇ ಸೀಟಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಸೋಮವಾರ ಆರಕ್ಕೆ ಐದು ನಿಮಿಷ ಇರುವಾಗ ಲಾರಿ ಕಾರ್ಖಾನೆಯ ಗೇಟಿನಲ್ಲಿತ್ತು. ಹತ್ತರವರೆಗೆ ಹೇಗೋ ಸುಮ್ಮನಿದ್ದೆ. ಆಮೇಲೆ ಫೋನ್ ಮಾಡಿದೆ. ಹಾಸಿಗೆಗಳನ್ನು ಇಳಿಸಿ ಆಗಿತ್ತು. ನಾಳೆಯೂ ಬರಲು ಹೇಳಿದ್ದರು.

"ತಲೆ ಹೇಗಿದೆ ರೀ?" ಎಂದೆ.

"ನಂದು ಹಗುರಾಗಿದೆ. ಬೋಲ್ಟಿನವು ಹನ್ನೆರಡೂ ನೆಟ್ಟಗಿವೆ" ಎಂದರು. "ಇನ್ನು ಉಳಿದಿರೋದು ನಿಂದೊಂದೇ. ಬಹಳ ಬಿಗಿಯಾಗಿದೆ ಕಣೇ, ಸ್ವಲ್ಪ ಸಡಿಲ ಬಿಡು."