ಕಿಟಕಿ ಪಕ್ಕದ ಪ್ಲಗ್ ಪಾಯಿಂಟು

ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದರೆ ಮಾತಿಗೆ ವಿಷಯ ಹುಡುಕಬೇಕಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು ಎಂದರೂ ಅರ್ಧ ಗಂಟೆ ನಡೆಯುತ್ತದೆ. ಫೋನಿನಲ್ಲಿ ಹಾಗಲ್ಲ. ನನ್ನ ಹೆಂಡತಿ ಗಂಗಮ್ಮ, ಸೊಂಟ ಮುರಿದುಕೊಂಡ ಅಕ್ಕನ ಆರೈಕೆಗೆಂದು ತವರೂರು ಮಡಕಶಿರಕ್ಕೆ ಹೋದಾಗಿನಿಂದ ನಮ್ಮ ಸಂಭಾಷಣೆ "ಉಂಡ್ರಾ?" "ಉಂಡೆ" ಎಂಬಲ್ಲಿಗೆ ಮುಗಿಯುತ್ತಿತ್ತು. ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ ಎಂದು ಹೇಳಲು, ರಾಯದುರ್ಗದಲ್ಲಿ ನೂಲು, ಗುಂಡಿ, ಜಿಪ್ಪು ಮಾರುತ್ತಾ ತಲೆ ಬೆಳ್ಳಗಾದ ನನ್ನಂಥವನಿಗೆ ಬಾಯಿ ಬಂದೀತೇ?

ಅವಳು ಮನೆಯಲ್ಲೇ ಕೂತು ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುವವಳು. ಮಷೀನು ತುಳಿದು ತುಳಿದು ಮಂಡಿ ಸವೆದಿದೆ. ಬರುವಷ್ಟರಲ್ಲಿ ಅದಕ್ಕೆ ಮೋಟಾರು ಹಾಕಿಸಿ, ಅವಳು ಕೂರುವ ಕಿಟಕಿ ಪಕ್ಕಕ್ಕೊಂದು ಪ್ಲಗ್ ಕೊಡಿಸೋಣವೆಂದು ಎಲೆಕ್ಟ್ರಿಷಿಯನ್ ಮಾಬುಸಾಬನನ್ನು ಕರೆಸಿದೆ. ಸುಣ್ಣಬಣ್ಣ ಮುಗಿದ ಗೋಡೆ ನೋಡಿ, "ವೈರು ಮ್ಯಾಲೇ ಬಿಡಾಣೇನ್ರಿ, ಗ್ವಾಡಿ ಒಳಗ ಹಾಕಾಣೇನ್ರಿ?" ಎಂದ. ಒಳಗೇ ಇರಲಿ ಎಂದೆ. ಕಿಟಕಿಗೆ ನೇರ ದಾರಿಯಿದ್ದದ್ದು ದೇವರ ಜಗುಲಿ ಆತುಕೊಂಡ ಗೋಡೆಯಲ್ಲಿ. ಅವನು ಉಳಿ ಇಟ್ಟ ಕೂಡಲೇ ದೇವರಿಗೆ ಹೆದರಿ ಮಡಕಶಿರಕ್ಕೆ ಫೋನ್ ಮಾಡಿದೆ.

"ದೇವ್ರ ಬೆನ್ನಿಗೆ ಉಳಿ ಹೊಡಿಸ್ತೀರಾ? ಬುದ್ಧಿ ಎಲ್ಲಿಕ್ಕಿದ್ದೀರ? ಅಡುಗೆಮನೆ ಕಡೆಯಿಂದ ಸುತ್ತಾಕ್ಕಂಡ್ ಬರ್ಲಿ. ಅಲ್ಲಿ ರಾಗಿಹಿಟ್ಟಿನ ಡಬ್ಬ ಐತೆ, ಹಳೇ ಸೀರೆ ಮುಚ್ಚಿ. ಟ್ರಂಕಿನಾಗಿಂದಲ್ಲ, ಮ್ಯಾಗ್ಳದು..."

ಬೈಗುಳವೇ. ಆದರೆ ಎಷ್ಟೋ ದಿನಗಳ ಮೇಲೆ ಅಷ್ಟುದ್ದ ಮಾತು. ಕಿವಿ ಬಿಸಿಯಾದರೂ ನನಗೆ ಹಿತವಾಯಿತು.

ಅಲ್ಲಿಂದ ಮುಂದೆ ಕಲ್ಲು ಸಿಕ್ಕರೆ ಫೋನು, ಧೂಳು ಎದ್ದರೆ ಫೋನು, ವೈರಿನ ಪೈಪು ಬಾಗದಿದ್ದರೆ ಫೋನು. ಸರಿಯಾಗಿ ತೋಡಿದ್ದನ್ನೂ ಸೊಟ್ಟ ಎಂದು ನಿಲ್ಲಿಸುತ್ತಿದ್ದೆ. "ಸಿಮೆಂಟ್ ಮೆತ್ತಿದ ಮ್ಯಾಲ ಯಾರಿಗೆ ಕಾಣ್ತದ್ರಿ? ಯಾಕ ಸುಮ್ಮ ತಡಾ ಮಾಡ್ತೀರಿ?" ಎಂದು ಮಾಬುಸಾಬ ಗೊಣಗುತ್ತಿದ್ದ. ಅವನು ಹೋದ ಮೇಲೆ ರೊಟ್ಟಿಗೆ ಧೂಳು ನಂಚಿಕೊಂಡು ಒಬ್ಬನೇ ಉಣ್ಣುತ್ತಿದ್ದೆ. ಎದುರಿಗೆ ಅವಳ ಮಷೀನು, ಖಾಲಿ ಸ್ಟೂಲು.

ನಿನ್ನೆ ಅವನು ತಾಳ್ಮೆಗೆಟ್ಟು, ನನ್ನನ್ನು ಕೇಳದೆ ಸಿಮೆಂಟ್ ಮೆತ್ತಿ ಸ್ವಿಚ್ ಒತ್ತಿದ. ಮಷೀನು ಗರ್ರೆಂದಿತು. "ಕರೆಂಟ್ ಬಂದ್ರ ಮುಖ ಸಣ್ಣ ಮಾಡೋರನ್ನ ಇವತ್ತೇ ನೋಡಿದ್ನಿರಿ" ಎಂದು ಹೊರಟುಹೋದ.

ಗಂಗಮ್ಮನಿಗೆ ಫೋನ್ ಮಾಡಿ, "ಎಲ್ಲಾ ಮುಗೀತು" ಎಂದೆ. ಯಾವಾಗ ಬರ್ತಿ ಎಂದು ಕೇಳಬೇಕು, ನಾಲಿಗೆ ಹೊರಳಲಿಲ್ಲ. "ಉಂಡ್ಯಾ?" ಎಂದೆ.

"ಉಂಡೆ" ಎಂದಳು. ಆದರೆ ಫೋನ್ ಇಡಲಿಲ್ಲ. "ಅಕ್ಕ ಎದ್ದು ಓಡಾಡಾಕೆ ಇನ್ನೂ ದಿನ ಹಿಡಿತೈತೆ. ಅಡುಗೆಮನೆಗೂ ಒಂದು ಫ್ಯಾನ್ ಪಾಯಿಂಟ್ ಹಾಕ್ಸಿ" ಎಂದಳು.

"ಮತ್ತ ಗ್ವಾಡಿ ಒಡೀಬೇಕಾಗ್ತದಲ್ಲ?"

"ಒಡೀರಿ. ನಂಗೂ ಇಲ್ಲಿ ಹೊತ್ತೋಗಲ್ಲ."

ಮಾಬುಸಾಬ ಈಗ ನನ್ನ ಫೋನ್ ಎತ್ತುತ್ತಿಲ್ಲ. ಅವಸರದಲ್ಲಿ ಉಳಿ, ಸುತ್ತಿಗೆ ಇಲ್ಲೇ ಬಿಟ್ಟಿದ್ದಾನೆ. ನಾನೇ ಶುರು ಮಾಡಿದ್ದೇನೆ. ನನಗೆ ಉಳಿ ಹಿಡಿಯಲು ಬರುವುದಿಲ್ಲ. ಒಳ್ಳೆಯದೇ ಆಯಿತು, ಗೋಡೆ ಬೇಗ ಮುಗಿಯುವುದಿಲ್ಲ.