ದೊಡ್ಡಮ್ಮ ನುಂಗಿದ ಸಾಲು

ನಮ್ಮ ದೊಡ್ಡಮ್ಮ ದೇವರ ಜೊತೆ ಮಾತು ಬಿಟ್ಟಿದ್ದಳು. ಪೂರ್ತಿ ಅಲ್ಲ, ಒಂದೇ ಒಂದು ಸಾಲಿನಷ್ಟು!

ಪಿರಿಯಾಪಟ್ಟಣದ ನಮ್ಮ ಚರ್ಚಿನಲ್ಲಿ ಭಾನುವಾರ ಎಲ್ಲರೂ ಎದ್ದು ನಿಂತು ಕರ್ತನ ಪ್ರಾರ್ಥನೆ ಹೇಳುವಾಗ ಅವಳ ಗಂಟಲೇ ಎಲ್ಲರಿಗಿಂತ ಮೇಲೆ. ಪರಲೋಕದ ತಂದೆಯನ್ನು ಕರೆಯುತ್ತಾಳೆ, ಅವನ ಹೆಸರನ್ನು ಹೊಗಳುತ್ತಾಳೆ, ಅವನ ರಾಜ್ಯ ಬರಲೆನ್ನುತ್ತಾಳೆ. ಎಲ್ಲವೂ ನಿನ್ನ ಇಷ್ಟದಂತೆಯೇ ಆಗಲಿ ಎನ್ನುವ ಸಾಲು ಬಂತೋ, ಬಾಯಿಗೆ ಬೀಗ. ಸೆರಗು ಸರಿಮಾಡಿಕೊಂಡು ಕಿಟಕಿಯಾಚೆ ನೋಡುತ್ತಾಳೆ. ಮುಂದೆ ದಿನದ ಅನ್ನ ಕೇಳುವ ಸಾಲು ಬರುತ್ತಲೇ ಮತ್ತೆ ಅದೇ ಗಂಟಲು!

ಇದು ಶುರುವಾದದ್ದು ಮಗಳು ತೀರಿಹೋದ ವರ್ಷ. ಒಬ್ಬಳೇ ಮಗಳು, ಹತ್ತೊಂಬತ್ತು ವಯಸ್ಸು. ಕಿಡ್ನಿ ಕೈಕೊಟ್ಟು, ಎರಡು ವರ್ಷ ಮೈಸೂರಿನ ಬಸ್ಸಿನಲ್ಲಿ ಓಡಾಡಿ, ಕೊನೆಗೆ ಹುಣಸೂರು ದಾಟುವಷ್ಟರಲ್ಲಿ ತಾಯಿಯ ತೊಡೆಯ ಮೇಲೇ ಹೋದಳು. ದೊಡ್ಡಪ್ಪ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಒಂದು ತಿಂಗಳು ದೊಡ್ಡಮ್ಮ ಗೋಡೆಗೆ ಮುಖ ಮಾಡಿ ಮಲಗಿದಳು. ನೀರು ಕೇಳಿದಷ್ಟು ಸಲೀಸಾಗಿ ಸಾವನ್ನು ಕೇಳುತ್ತಿದ್ದಳು. ಐದನೆಯ ಭಾನುವಾರ ಏನನ್ನಿಸಿತೋ, ಎದ್ದು ತಲೆ ಬಾಚಿಕೊಂಡು ಬಂದು ತನ್ನ ಮೂರನೇ ಬೆಂಚಿನಲ್ಲಿ ನಿಂತಳು. ಆ ಸಾಲನ್ನು ಮೊದಲ ಸಲ ನುಂಗಿದ್ದು ಅವತ್ತು.

ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಬುದ್ಧಿ ಹೇಳಲು ಬಂದರು. ದೇವರು ತನಗಿಷ್ಟವಾದ ಹೂವನ್ನೇ ಮೊದಲು ಕೀಳುತ್ತಾನಮ್ಮ, ಎಂದರು. ದೊಡ್ಡಮ್ಮ ಟೀ ಲೋಟ ಮುಂದಿಟ್ಟು ಕೇಳಿದಳು: "ನಿಮ್ಮ ದಾಸವಾಳವ ನಮ್ಮ ಮೇಕೆ ತಿಂದಾಗ ನೀವು ಇಂಗೇ ಅಂದ್ರಾ, ಅಯ್ನೋರೇ?" ಅಂದು ಅಯ್ಯನವರು ಮೇಕೆಗೆ ಅಂದದ್ದು ಚರ್ಚಿನ ಪ್ರಸಂಗದಲ್ಲಿ ಹೇಳುವಂಥ ಮಾತಲ್ಲ. ಟೀ ಕುಡಿದು ಎದ್ದರು.

ಪಕ್ಕದ ಮನೆಯಾಕೆ, ಪಾಪ, ಒಳ್ಳೆಯ ಮನಸ್ಸಿನಿಂದಲೇ, ನಮ್ಮ ಗುಡಿಯ ದೇವರಿಗೊಂದು ಹರಕೆ ಕಟ್ಟಿ ನೋಡು ಎಂದರು. ಮನೆಯಲ್ಲಿ ಜಗಳವಾಯಿತು ಅಂತ ಪಕ್ಕದ ಮನೆಯಲ್ಲಿ ಸಂಸಾರ ಹೂಡುವುದಕ್ಕೆ ಆಗುತ್ತದೆಯೇ ಎಂದು ಕೇಳಿ ದೊಡ್ಡಮ್ಮ ಅವರನ್ನೂ ನಗಿಸಿ ಕಳಿಸಿದಳು.

ಅಯ್ಯನವರು ಆ ಒಂದು ಸಾಲು ಹೇಳಿಸಲು ಹೊರಟರೆ, ಉಳಿದ ಸಾಲುಗಳನ್ನೂ ಬಿಡಿಸಲು ಹೊರಟವನು ನಾನು. ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಗೆದ್ದು, ದೇವರಿಲ್ಲವೆಂದು ತೀರ್ಮಾನಿಸಿದ್ದೆ. ತೀರ್ಪುಗಾರರೂ ಒಪ್ಪಿದ್ದರು! ದೊಡ್ಡಮ್ಮ ಕೂಲಿಗೆ ಹೊಗೆಸೊಪ್ಪನ್ನು ಒಣಗಿಸಲು ಕಡ್ಡಿಗೆ ಕಟ್ಟುತ್ತಿದ್ದಾಗ ಎದುರಿಗೆ ಕುಳಿತು ವಾದ ಮಂಡಿಸಿದೆ. ಕೈಲಾಗಿಯೂ ಮಗಳನ್ನು ಉಳಿಸಲಿಲ್ಲವೆಂದರೆ ಅವನು ಒಳ್ಳೆಯವನಲ್ಲ; ಕೈಲಾಗಲಿಲ್ಲವೆಂದರೆ ದೇವರೇ ಅಲ್ಲ. ಇನ್ನು ತಪ್ಪಿಸಿಕೊಂಡು ಎಲ್ಲಿಗೆ ಹೋಗುತ್ತಾಳೆ?

ಅವಳು ದಾರ ಬಿಗಿದು ತಲೆಯಾಡಿಸಿದಳು. "ಸರ್ಯಾಗ್ ಏಳ್ದೆ ಕಣೋ. ದಿನಾ ನಾನು ಅವನ್ನ ಕೇಳೋದೂ ಇದ್ನೇಯಾ."

ಎದುರಾಳಿಯೇ ನಮ್ಮ ವಾದವನ್ನು ಎತ್ತಿಕೊಂಡು ಹೋದರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಹಾಗಾದರೆ ಬಿಟ್ಟುಬಿಡು ಅವನನ್ನು, ಎಂದೆ.

"ಬುಟ್ಬುಟ್ಟು ಯಾರ್ನ ಕೇಳ್ಲಿ? ಇಲ್ದೋನ್ ಮ್ಯಾಲೆ ಯಾರಾದ್ರೂ ಕೋಪ ಮಾಡ್ಕತಾರೇನ್ಲಾ?"

ಇದು ತರ್ಕದೋಷ. ಆ ದೋಷದ ಹೆಸರೂ ನನಗೆ ಗೊತ್ತಿತ್ತು. ಹೇಳೋಣವೆಂದರೆ ಅವಳು ಆಗಲೇ ಮುಂದಿನ ಕಡ್ಡಿ ಎತ್ತಿಕೊಂಡಿದ್ದಳು.

ಏಳೆಂಟು ವರ್ಷ ಹೀಗೇ ಕಳೆಯಿತು. ಒಂದು ದಿನ ಎಸ್‌ಟಿಡಿ ಬೂತಿನಿಂದ ಪಕ್ಕದ ಮನೆಯಾಕೆಯ ಫೋನು. ದೊಡ್ಡಮ್ಮನ ಹೊಟ್ಟೆಯ ಗಡ್ಡೆ ಬಲಿತುಹೋಗಿತ್ತು. ಇನ್ನು ಮನೆಯಲ್ಲೇ ಇರಲಿ ಎಂದು ಡಾಕ್ಟರು ಕಳಿಸಿಬಿಟ್ಟಿದ್ದರು. ನಾನು ಮಧ್ಯಾಹ್ನದ ಹೊತ್ತಿಗೆ ತಲುಪಿದೆ. ಅಯ್ಯನವರು ಏನೋ ಸಭೆಗೆಂದು ಮೈಸೂರಿಗೆ ಹೋಗಿದ್ದರು. ಆ ದೊಡ್ಡ ಗಂಟಲು ಪಿಸುಮಾತಿಗೆ ಇಳಿದಿತ್ತು. ಪ್ರಾರ್ಥನೆ ಹೇಳು, ಎಂದಳು.

ನಂಬದವನು ಹೇಳಿದರೆ ಅದು ಸುಳ್ಳಾಗುತ್ತದೆ ದೊಡ್ಡಮ್ಮ, ಎಂದೆ.

"ನಿನ್ ನಂಬ್ಕೆ ಯಾರ್ಲಾ ಕೇಳಿದ್ರು? ಗಂಟ್ಲು ಕೊಡು ಸಾಕು."

ಕೊಟ್ಟೆ. ಚಿಕ್ಕಂದಿನಲ್ಲಿ ಅವಳೇ ಬಾಯಿಪಾಠ ಮಾಡಿಸಿದ್ದು, ಎಲ್ಲೂ ತಡವರಿಸಲಿಲ್ಲ. ಆ ಸಾಲಿನ ಹತ್ತಿರ ಬಂದಾಗ, ಅವಳ ಹಟಕ್ಕೆ ಮರ್ಯಾದೆ ಕೊಟ್ಟು ನಿಲ್ಲಿಸಿದೆ.

ಕಣ್ಣು ಬಿಟ್ಟಳು. "ಯಾಕ್ ನಿಲ್ಲಿಸ್ದೆ? ಜಗಳ ನಂದು ಕಣೋ. ನೀನ್ ಆ ಸಾಲ್ ಏಳು."

ಸರಿ, ಹೇಳಲು ಹೊರಟೆ. ನಂಬದವನಿಗೆ ಅದು ಬರೀ ನಾಲ್ಕು ಶಬ್ದ, ಹೇಳಿದರೆ ಏನು ನಷ್ಟ? ಅಷ್ಟರಲ್ಲಿ ಚಾದರದ ಮೇಲಿದ್ದ ಅವಳ ಕೈ ಕಂಡಿತು. ಕಡ್ಡಿಯಂತಾಗಿತ್ತು, ಉಗುರಿನಲ್ಲಿ ಹೊಗೆಸೊಪ್ಪಿನ ಕರೆ ಇನ್ನೂ ಹೋಗಿರಲಿಲ್ಲ. ನನಗೆ ಬಾಯಿ ತೆರೆಯಲಾಗಲಿಲ್ಲ. ಹಲ್ಲು ಕಚ್ಚಿ ಕಿಟಕಿಯಾಚೆ ನೋಡಿದೆ.

ದೊಡ್ಡಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ತುಟಿಯಂಚಿನಲ್ಲಿ ಸಣ್ಣ ನಗು.

"ಯಾರ್ ಮ್ಯಾಲ್ಲಾ ಕೋಪ?" ಎಂದಳು.

ನಾನು ಅವಳ ಕೈ ಹಿಡಿದುಕೊಂಡೆ. ಮೂರು ದಿನದಿಂದ ಒಂದಗುಳೂ ಒಳಗಿಳಿಯದ ಅವಳು, ಜೊತೆಗೆ ನಾನು, ಇಬ್ಬರೂ ಅನ್ನ ಕೇಳುವ ಸಾಲಿನಿಂದ ಮತ್ತೆ ಶುರುಮಾಡಿದೆವು.